ತಳಿಯ ನಡುಹಗಲು ಹನ್ನೆರಡಕ್ಕಲ್ಲ

ತಮಿಳುನಾಡಿನ ತಳಿ ಎಂಬ ಊರಿನ ಬಯಲಿನಲ್ಲಿ ಒಂದು ಕೋಲನ್ನು ನೆಟ್ಟಗೆ ನೆಟ್ಟು, ಅದರ ನೆರಳು ಅತಿ ಗಿಡ್ಡವಾಗುವ ಗಳಿಗೆಯನ್ನು ಗುರುತಿಸಿ. ಅದೇ ಆ ಊರಿನ ನಿಜವಾದ ನಡುಹಗಲು. ವರ್ಷದ ಸರಾಸರಿ ತೆಗೆದರೆ ಗಡಿಯಾರದಲ್ಲಿ ಆಗ 12 ಗಂಟೆ 19 ನಿಮಿಷ. ಭೂಮಿಯ ಕಕ್ಷೆ ಪೂರ್ತಿ ದುಂಡಗಿಲ್ಲ, ಅದರ ಅಕ್ಷವೂ ಓರೆ. ಹಾಗಾಗಿ ಫೆಬ್ರವರಿ ನಡುವಿನಲ್ಲಿ ಹನ್ನೆರಡೂವರೆ ದಾಟಿರುತ್ತದೆ, ನವೆಂಬರ್ ಮೊದಲಲ್ಲಿ 12 ಗಂಟೆ 3 ನಿಮಿಷಕ್ಕೇ ನಡುಹಗಲು.

ಈ 19 ನಿಮಿಷ ಬಂದದ್ದು ದೂರದಿಂದ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ನಮ್ಮ ಗಡಿಯಾರಗಳು ನೆಚ್ಚಿಕೊಂಡಿರುವುದು ಮಿರ್ಜಾಪುರದ ಮೇಲೆ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶವನ್ನು. ತಳಿ ಅದಕ್ಕಿಂತ ಸುಮಾರು 4.85 ಡಿಗ್ರಿ ಪಶ್ಚಿಮಕ್ಕಿದೆ.

ಮೊದಲು ಈ ಲೆಕ್ಕ ಮದ್ರಾಸಿನದಾಗಿತ್ತು. ಅಲ್ಲಿ 1792ರಲ್ಲಿ ಎದ್ದ ಖಗೋಳ ವೀಕ್ಷಣಾಲಯದಲ್ಲಿ ಹದಿನೈದು ಅಡಿ ಎತ್ತರದ ಗ್ರಾನೈಟ್ ಕಂಬದ ಆಧಾರದ ಮೇಲೆ ಒಂದು ದೂರದರ್ಶಕ ಕೂತಿತ್ತು. ಅದು ಅತ್ತಿತ್ತ ತಿರುಗುತ್ತಿರಲಿಲ್ಲ; ಉತ್ತರ-ದಕ್ಷಿಣವಾಗಿ ಮೇಲೆ ಕೆಳಗೆ ಮಾತ್ರ ಆಡುತ್ತಿತ್ತು. ಕಣ್ಣಿಡುವ ಜಾಗದಲ್ಲಿ ಬಿಗಿದ ಸಣ್ಣ ಎಳೆಯನ್ನು ನಕ್ಷತ್ರ ದಾಟುವ ಕ್ಷಣವನ್ನು ಬರೆದುಕೊಂಡು ಗಡಿಯಾರವನ್ನು ಸರಿಪಡಿಸುತ್ತಿದ್ದರು. ಕಂಬ ಕೂದಲೆಳೆಯಷ್ಟು ಅಲುಗಿದರೂ ಹೊತ್ತು ತಪ್ಪುತ್ತಿತ್ತು. ಅಷ್ಟು ತೂಕದ ಕಲ್ಲು ಬೇಕಾದದ್ದು ಅದಕ್ಕೇ. ಆ ಕಂಬ ಇವತ್ತೂ ಚೆನ್ನೈನ ನುಂಗಂಬಾಕ್ಕಂ ಹವಾಮಾನ ಕೇಂದ್ರದ ಆವರಣದಲ್ಲಿದೆ. ಹೋದವರು ನೋಡಲೇಬೇಕು.

ಜಾನ್ ಗೋಲ್ಡಿಂಗ್‌ಹ್ಯಾಮ್ 1802ರಲ್ಲಿ ಮದ್ರಾಸಿನ ರೇಖಾಂಶ ಗೊತ್ತುಮಾಡಿದ. ಮದ್ರಾಸ್ ಸಮಯ ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದೆ ಎಂದಾಯಿತು. ಬೊಂಬಾಯಿಗೂ ಕಲ್ಕತ್ತೆಗೂ ನಡುವಿನ ಸಮಯವೆಂದು ರೈಲ್ವೆ ಇದನ್ನೇ ಹಿಡಿಯಿತು. ಆಗ ಸೇಲಂ ಜಿಲ್ಲೆಯಲ್ಲಿದ್ದ ತಳಿಗೆ ಮದ್ರಾಸಿನೊಂದಿಗೆ ಇದ್ದ ಅಂತರ ಹತ್ತೂವರೆ ನಿಮಿಷದ ಆಸುಪಾಸು ಅಷ್ಟೆ.

1906ರ ಜನವರಿ 1ರಂದು ದೇಶಕ್ಕೆಲ್ಲ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿನ ಒಂದೇ ಸಮಯ ಬಂತು, ಮದ್ರಾಸ್ ಸಮಯ ಸುಮಾರು ಒಂಬತ್ತು ನಿಮಿಷ ಮುಂದೆ ಹೋಯಿತು. ಆದರೆ ಕಲ್ಕತ್ತೆ ತನ್ನ ಸಮಯವನ್ನು 1948ರವರೆಗೂ ಬಿಡಲಿಲ್ಲ. ಬೊಂಬಾಯಿಯಂತೂ 39 ನಿಮಿಷ ಹಿಂದಿನ ಲೆಕ್ಕವನ್ನು 1955ರವರೆಗೆ ಇಟ್ಟುಕೊಂಡಿತು. ನಡುವೆ ಮಹಾಯುದ್ಧದ ದಿನಗಳಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ, ಸರ್ಕಾರ ಗಡಿಯಾರವನ್ನೇ ಒಂದು ಗಂಟೆ ಮುಂದೆ ತಳ್ಳಿತ್ತು. ಆ ಮೂರು ವರ್ಷ ತಳಿಯ ನಡುಹಗಲು ಮಧ್ಯಾಹ್ನ 1 ಗಂಟೆ 19 ನಿಮಿಷಕ್ಕೆ!

ಹತ್ತೊಂಬತ್ತು ನಿಮಿಷದಿಂದ ತಳಿಯವರಿಗೆ ತೊಂದರೆಯೇನೂ ಇಲ್ಲ. ತೊಂದರೆ ಇರುವುದು ಅಸ್ಸಾಮಿನಲ್ಲಿ. ದಿಬ್ರುಗಢದಲ್ಲಿ ನಡುಹಗಲು 11 ಗಂಟೆ 10 ನಿಮಿಷದ ಹೊತ್ತಿಗೇ ಆಗಿಬಿಡುತ್ತದೆ, ಚಳಿಗಾಲದಲ್ಲಿ ಕಚೇರಿ ಬಿಡುವ ಮೊದಲೇ ಕತ್ತಲು. ಅಲ್ಲಿನ ಚಹಾ ತೋಟಗಳು ಅದಕ್ಕಾಗಿಯೇ ಒಂದು ಗಂಟೆ ಮುಂದಿನ ‘ಬಾಗಾನ್ ಸಮಯ’ ಇಟ್ಟುಕೊಂಡಿವೆ. ಈಶಾನ್ಯಕ್ಕೆ ಬೇರೆ ಸಮಯ ಕೇಳುವುದು ನ್ಯಾಯವೆಂದೇ ನಾನು ನಂಬಿದ್ದೇನೆ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳು 2018ರಲ್ಲಿ ಇದಕ್ಕೆ ದಾರಿಯನ್ನೂ ತೋರಿಸಿದರು: ಪಶ್ಚಿಮ ಬಂಗಾಳ-ಅಸ್ಸಾಂ ನಡುವಿನ ಇಕ್ಕಟ್ಟಿನ ಗಡಿಯಲ್ಲಿ ಗೆರೆ ಎಳೆದರೆ, ರೈಲುಗಳ ಸಮಯ ಬದಲಿಸಬೇಕಾದದ್ದು ನ್ಯೂ ಜಲ್ಪಾಯ್‌ಗುರಿ, ಅಲಿಪುರ್‌ದುವಾರ್ ಎಂಬ ಎರಡೇ ನಿಲ್ದಾಣಗಳಲ್ಲಿ.