ಬೊಮ್ಮಸಂದ್ರ ಟು ಗೋಕರ್ಣ: ಮೊದಲು ಗಣಪತಿ, ಆಮೇಲೆ ಬೀಚು

ಶುಕ್ರವಾರ ಶಿಫ್ಟ್ ಮುಗೀತಾ? ಬೊಮ್ಮಸಂದ್ರದಲ್ಲಿ ಹಳದಿ ಮೆಟ್ರೊ, ಆರ್.ವಿ. ರಸ್ತೆಯಲ್ಲಿ ಹಸಿರು, ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸು. ಈ ಹಳದಿ ಮಾರ್ಗ ಶುರುವಾದ 2025ರ ಆಗಸ್ಟ್‌ಗೂ ಮುಂಚೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲೇ ಅರ್ಧ ವೀಕೆಂಡ್ ಹೋಗ್ತಿತ್ತು ಬಿಡಿ.

ಬೆಳಗ್ಗೆ ಗೋಕರ್ಣ. ಬೀಚಿಗೆ ಓಡ್ಬೇಡಿ, ಮೊದಲು ಗಣಪತಿ. ಯಾಕಂದ್ರೆ ರಾವಣ ಸಂಧ್ಯಾವಂದನೆಗೆ ಹೋದಾಗ ಶಿವ ಕೊಟ್ಟ, ನೆಲಕ್ಕಿಡಬಾರದ ಆತ್ಮಲಿಂಗ ಹಿಡ್ಕೊಂಡಿದ್ದ ಹುಡುಗ ಇವನೇ. ಮೂರು ಸಲ ಕರೆದ, ರಾವಣ ಬರ್ಲಿಲ್ಲ, ನೆಲಕ್ಕಿಟ್ಟ! ಸಿಟ್ಟಿಗೆ ರಾವಣ ತಲೆಗೆ ಗುದ್ದಿದನಂತೆ. ಮೂರ್ತಿಯ ತಲೆ ಮೇಲೆ ಆ ತಗ್ಗು ತೋರಿಸ್ತಾರೆ. ನೆಲಕ್ಕೆ ಅಂಟಿದ ಲಿಂಗ ರಾವಣ ಎಳೆದೆಳೆದು ಹಸುವಿನ ಕಿವಿ ಥರ ತಿರುಚಿತಂತೆ, ಅದಕ್ಕೇ ಗೋಕರ್ಣ. ಆ ಲಿಂಗವೇ ಮಹಾಬಲೇಶ್ವರ, ಅವನ ದರ್ಶನಕ್ಕೆ ಗಂಡಸರಿಗೆ ಪಂಚೆ ಬೇಕು, ಬರ್ಮುಡಾ ನಡೆಯೋಲ್ಲ.

ಆಮೇಲೆ ಕುಡ್ಲೆ ಬೀಚಿಂದ ಗುಡ್ಡ ದಾಟಿ ನಡ್ಕೊಂಡೇ ಓಂ ಬೀಚು. ಮಳೆಗಾಲದಲ್ಲಿ ನೀರಿಗೆ ಇಳೀಬೇಡಿ, ಸೆಳೆತ ಜಾಸ್ತಿ. ಭಾನುವಾರ ರಾತ್ರಿ ಬಸ್ಸು. ಸೋಮವಾರ ಮೆಟ್ರೊದಲ್ಲಿ ಶೂನಿಂದ ಮರಳು ಉದುರುತ್ತೆ.