ಯುದ್ಧ ಮುಗಿದ ಮೇಲೆ ಬಂದ ರೋಗ

ಯುದ್ಧವು ಮುಗಿದು ಸೈನಿಕನು ಮನೆಗೆ ಮರಳಿದನೆಂದರೆ ಅವನ ಗಂಡಾಂತರಗಳೂ ಮುಗಿದುವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಗುಂಡಿನ ಗಾಯವಾಗಿದ್ದರೆ ಅದು ಕಣ್ಣಿಗೆ ಕಾಣುತ್ತದೆ; ಯಾವ ದಿನ, ಯಾವ ಸ್ಥಳದಲ್ಲಿ ಅದು ಉಂಟಾಯಿತೆಂಬುದು ದಾಖಲೆಯಲ್ಲಿ ಉಳಿಯುತ್ತದೆ. ಆದರೆ ಸೇವೆಯಿಂದ ಬಿಡುಗಡೆಯಾಗಿ ಹತ್ತು ಹನ್ನೆರಡು ವರ್ಷಗಳು ಕಳೆದ ಮೇಲೆ, ಸಂಸಾರ ಹೂಡಿ ಉದ್ಯೋಗದಲ್ಲಿ ನೆಲೆನಿಂತವನ ಮೈಯೊಳಗೆ ಭಯಂಕರವಾದ ರೋಗವೊಂದು ತಲೆಯೆತ್ತಿದರೆ, ಅದೂ ಯುದ್ಧದ ಗಾಯವೇ? ಹೌದೆಂದಾಗಲಿ ಅಲ್ಲವೆಂದಾಗಲಿ ಹೇಳುವುದು ಯಾವ ಆಧಾರದ ಮೇಲೆ?

ವಿಯಟ್ನಾಂ ಯುದ್ಧದಿಂದ ಹಿಂದಿರುಗಿದ ಸಹಸ್ರಾರು ಅಮೆರಿಕನ್ ಯೋಧರನ್ನು ಈ ಪ್ರಶ್ನೆಯು ಕಾಡಿತು. ಅವರಲ್ಲಿ ಒಬ್ಬನ ವೃತ್ತಾಂತವನ್ನು ಅನುಸರಿಸುತ್ತ, ವಿಜ್ಞಾನವು ಇಂತಹ ಪ್ರಶ್ನೆಗೆ ಎಷ್ಟರಮಟ್ಟಿಗೆ ಉತ್ತರ ಕೊಡಬಲ್ಲುದು, ಎಲ್ಲಿ ಕೊಡಲಾರದು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ತಂದೆ ಮತ್ತು ಮಗ

1968ರಲ್ಲಿ ಎಲ್ಮೋ ಝುಮ್ವಾಲ್ಟ್ ಎಂಬ ಅಧಿಕಾರಿಯು ವಿಯಟ್ನಾಮಿನಲ್ಲಿದ್ದ ಅಮೆರಿಕದ ನೌಕಾದಳಗಳ ನಾಯಕರಾಗಿ ನೇಮಕಗೊಂಡರು. ಮುಂದೆ 1970ರಿಂದ 1974ರ ವರೆಗೆ ಇವರು ಆ ದೇಶದ ಇಡೀ ನೌಕಾಸೇನೆಯ ಮುಖ್ಯಸ್ಥರಾಗಿದ್ದರು. ದಕ್ಷಿಣ ವಿಯಟ್ನಾಮಿನ ನದಿಗಳಲ್ಲಿಯೂ ಕಾಲುವೆಗಳಲ್ಲಿಯೂ ಗಸ್ತು ತಿರುಗುವ ಸಣ್ಣ ದೋಣಿಗಳು ಆಗ ಭಾರಿ ನಷ್ಟಕ್ಕೆ ಗುರಿಯಾಗುತ್ತಿದ್ದುವು. ದಡದ ಉದ್ದಕ್ಕೂ ದಟ್ಟವಾದ ಹಸಿರು. ಅದರ ಮರೆಯಲ್ಲಿ ಅಡಗಿದವರು ಕೆಲವೇ ಮಾರು ದೂರದಿಂದ ಗುಂಡು ಹಾರಿಸುತ್ತಿದ್ದರು. ಅಡ್ಮಿರಲ್ ಝುಮ್ವಾಲ್ಟರ ಲೆಕ್ಕದಂತೆ, ಈ ದೋಣಿಗಳಲ್ಲಿದ್ದ ನೂರು ಮಂದಿಯಲ್ಲಿ ಆರು ಮಂದಿ ಪ್ರತಿ ತಿಂಗಳೂ ಸಾಯುತ್ತಿದ್ದರು, ಇಲ್ಲವೇ ಗಾಯಗೊಳ್ಳುತ್ತಿದ್ದರು. ದಡದ ಗಿಡಮರಗಳ ಎಲೆಗಳನ್ನು ಉದುರಿಸಿಬಿಟ್ಟರೆ ಹೊಂಚುಹಾಕುವವರಿಗೆ ಮರೆಯಿರದೆಂದು ಯೋಚಿಸಿ, ಆ ಪ್ರದೇಶಗಳ ಮೇಲೆ ಸಸ್ಯನಾಶಕವನ್ನು ಸಿಂಪಡಿಸಲು ಅವರು ಆಜ್ಞೆಯಿತ್ತರು. ಸಾವುನೋವುಗಳು ಬಹುಮಟ್ಟಿಗೆ ಇಳಿದುವು.

ಆ ದೋಣಿಗಳಲ್ಲಿ ಒಂದರ ಮುಖ್ಯಸ್ಥನಾಗಿದ್ದವನು ಅಡ್ಮಿರಲ್ಲರ ಮಗ. ಅವನ ಹೆಸರೂ ಎಲ್ಮೋ ಝುಮ್ವಾಲ್ಟ್. 1969ರಲ್ಲಿ ಅಲ್ಲಿಗೆ ಹೋದ ಈ ತರುಣನು ಸಿಂಪಡಣೆಯಾಗಿದ್ದ ದಡಗಳ ನಡುವೆ ಸಂಚರಿಸಿದನು. ಯುದ್ಧದಿಂದ ಹಿಂದಿರುಗಿ, ಕಾನೂನು ಓದಿ, ಉತ್ತರ ಕರೊಲಿನ ಸಂಸ್ಥಾನದಲ್ಲಿ ವಕೀಲನಾದನು. 1983ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಅವನಿಗೆ ದುಗ್ಧರಸ ಗ್ರಂಥಿಗಳ ಕ್ಯಾನ್ಸರು, ಎಂದರೆ ಲಿಂಫೋಮ, ಇರುವುದು ಪತ್ತೆಯಾಯಿತು. ಎರಡು ವರ್ಷಗಳ ಮೇಲೆ ಅದೇ ವರ್ಗದ ಇನ್ನೊಂದು ರೋಗವೂ ಅವನಲ್ಲಿ ಕಂಡುಬಂದಿತು. ಅದರ ಹೆಸರು ಹಾಜ್‌ಕಿನ್ ರೋಗ.

ಎಲೆ ಉದುರಿಸುವ ಮದ್ದು

ಸಿಂಪಡಿಸಿದ ಆ ದ್ರವವಾದರೂ ಏನು? ಗಿಡದ ಕುಡಿಯಲ್ಲಿ ಆಕ್ಸಿನ್ ಎಂಬ ಚೋದಕ ದ್ರವ್ಯ ಉತ್ಪತ್ತಿಯಾಗುತ್ತದೆ. ಕಾಂಡ ಎಷ್ಟು ನೀಳವಾಗಬೇಕು, ಎತ್ತ ಬಾಗಬೇಕು ಎಂಬುದನ್ನು ಅದು ನಿಯಂತ್ರಿಸುತ್ತದೆ. 1940ರ ದಶಕದಲ್ಲಿ ರಸಾಯನಶಾಸ್ತ್ರಜ್ಞರು ಅದರಂತೆಯೇ ವರ್ತಿಸುವ ಕೃತಕ ದ್ರವ್ಯಗಳನ್ನು ತಯಾರಿಸಿದರು. ಗಿಡವು ತನ್ನ ಸಹಜ ಆಕ್ಸಿನನ್ನು ಬೇಗನೆ ಒಡೆದು ಹದದಲ್ಲಿಟ್ಟುಕೊಳ್ಳುತ್ತದೆ. ಈ ಕೃತಕ ದ್ರವ್ಯಗಳನ್ನು ಹಾಗೆ ಹದದಲ್ಲಿಡಲಾರದು. ಅಗಲ ಎಲೆಯ ಗಿಡಕ್ಕೆ ಇವನ್ನು ಸಿಂಪಡಿಸಿದರೆ ಅದು ಅಡ್ಡಾದಿಡ್ಡಿಯಾಗಿ ಬೆಳೆದು, ಸೊಟ್ಟಗೊಂಡು, ಎಲೆಯುದುರಿಸಿ ಸಾಯುತ್ತದೆ. ಹುಲ್ಲಿನ ಜಾತಿಯ ಬೆಳೆಗಳು ತಾಳಿಕೊಳ್ಳುತ್ತವೆ. ಆದುದರಿಂದಲೇ ಇವುಗಳಲ್ಲಿ ಒಂದಾದ 2,4-ಡಿ ಎಂಬುದು ಭತ್ತ, ಕಬ್ಬುಗಳ ನಡುವಣ ಕಳೆಯನ್ನು ಕೊಲ್ಲಲು ನಮ್ಮ ದೇಶದ ರೈತರಿಗೂ ಪರಿಚಿತವಾಗಿದೆ.

ಇದರ ಜೊತೆಗಾರ 2,4,5-ಟಿ. ಇವೆರಡರ ಎಸ್ಟರುಗಳನ್ನು ಸರಿಸಮವಾಗಿ ಬೆರೆಸಿದ ಮಿಶ್ರಣವನ್ನು ತುಂಬಿದ ಪೀಪಾಯಿಗಳಿಗೆ ಕಿತ್ತಳೆ ಬಣ್ಣದ ಪಟ್ಟಿ ಬಳಿದಿದ್ದುದರಿಂದ ಅದಕ್ಕೆ ಏಜೆಂಟ್ ಆರೆಂಜ್ ಎಂಬ ಹೆಸರು ಬಂದಿತು. 1962ರಿಂದ 1971ರ ವರೆಗೆ ಅಮೆರಿಕದ ಸೇನೆಯು ವಿಯಟ್ನಾಮಿನಲ್ಲಿ ಒಟ್ಟು 7 ಕೋಟಿ ಲೀಟರಿಗೂ ಮಿಕ್ಕಿ ಸಸ್ಯನಾಶಕಗಳನ್ನು ಸಿಂಪಡಿಸಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಏಜೆಂಟ್ ಆರೆಂಜ್.

ಬೇಡದೆ ಬಂದ ವಿಷ

ಯಾರೂ ಬೇಕೆಂದು ತಯಾರಿಸದ ಇನ್ನೊಂದು ವಸ್ತುವೂ ಈ ಮಿಶ್ರಣದಲ್ಲಿದ್ದಿತು. 2,4,5-ಟಿ ತಯಾರಿಕೆಯಲ್ಲಿ ಮೊದಲು ಟ್ರೈಕ್ಲೋರೋಫೀನಾಲ್ ಎಂಬ ಪದಾರ್ಥವನ್ನು ಮಾಡಿಕೊಳ್ಳಬೇಕು. ಆಗ ಶಾಖವು ಮಿತಿಮೀರಿದರೆ ಆ ಪದಾರ್ಥದ ಎರಡೆರಡು ಅಣುಗಳು ಕೂಡಿಕೊಂಡು ಹೊಸದೊಂದು ಅಣು ಹುಟ್ಟುತ್ತದೆ: ಎರಡು ಬೆಂಜೀನ್ ಉಂಗುರಗಳು, ಅವನ್ನು ಬೆಸೆಯುವ ಎರಡು ಆಮ್ಲಜನಕ ಪರಮಾಣುಗಳು, ಅಂಚುಗಳಲ್ಲಿ ನಾಲ್ಕು ಕ್ಲೋರಿನ್ ಪರಮಾಣುಗಳು. ಇದೇ ಟಿಸಿಡಿಡಿ, ಡಯಾಕ್ಸಿನ್ ಎಂಬುದು ರೂಢಿಯ ಹೆಸರು. ಏಜೆಂಟ್ ಆರೆಂಜಿನಲ್ಲಿ ಅದು ಬಹುಮಟ್ಟಿಗೆ ಹತ್ತು ಲಕ್ಷ ಭಾಗಕ್ಕೆ ಕೆಲವೇ ಭಾಗಗಳಷ್ಟಿದ್ದಿತು.

ಇಷ್ಟು ಅಲ್ಪವಾದುದು ಏನು ಮಾಡೀತು? ಡಯಾಕ್ಸಿನ್ ಜೀವಕೋಶದೊಳಗೆ ಹೊಕ್ಕು ಅಲ್ಲಿರುವ ಒಂದು ಪ್ರೋಟೀನಿಗೆ ಬೀಗಕ್ಕೆ ಕೀಲಿಕೈಯಂತೆ ಅಂಟಿಕೊಳ್ಳುತ್ತದೆ. ಈ ಜೋಡಿಯು ಕೋಶಕೇಂದ್ರವನ್ನು ಸೇರಿ, ಸುಮ್ಮನಿರಬೇಕಾದ ಹಲವು ಜೀನುಗಳನ್ನು ಚುರುಕುಗೊಳಿಸುತ್ತದೆ. ಕೋಶದ ಬೆಳವಣಿಗೆಯ ಹದ ತಪ್ಪುವುದು ಹೀಗೆ. ಅಲ್ಲದೆ ಇದು ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಕರಗುವ ವಸ್ತು. ಆದುದರಿಂದ ಮೂತ್ರದೊಡನೆ ಹೊರಹೋಗದೆ ದೇಹದ ಕೊಬ್ಬಿನಲ್ಲಿ ಮನೆಮಾಡುತ್ತದೆ. ಮನುಷ್ಯ ದೇಹದಲ್ಲಿ ಇದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು ಏಳರಿಂದ ಹತ್ತು ವರ್ಷ ಬೇಕು. ಏಳು ವರ್ಷವೆಂದೇ ಹಿಡಿದರೂ, 1970ರಲ್ಲಿ ಒಬ್ಬನ ಮೈಯಲ್ಲಿ 100 ಪಾಲು ಇದ್ದುದು 1977ರಲ್ಲಿ 50, 1984ರಲ್ಲಿ 25 ಆಗುತ್ತದೆ. ಸೈನಿಕನು ವಿಯಟ್ನಾಮನ್ನು ಬಿಟ್ಟುಬಂದರೂ ವಿಷವು ಸೈನಿಕನನ್ನು ಬಿಡುವುದಿಲ್ಲ.

ರೋಗದೊಡನೆ ಹೋರಾಟ

ರಕ್ತದ ಬಿಳಿಯ ಕಣಗಳಲ್ಲಿ ಒಂದು ಬಗೆಯವು ಸೋಂಕುಗಳೊಡನೆ ಹೋರಾಡುತ್ತವೆ. ಅವು ಕಟ್ಟುಪಾಡಿಲ್ಲದೆ ಇಮ್ಮಡಿಸುತ್ತ ಹೋಗುವುದೇ ಲಿಂಫೋಮ. ಅವನ್ನು ಕೊಲ್ಲಲು ತೀವ್ರವಾದ ಔಷಧಗಳನ್ನು ಕೊಟ್ಟರೆ, ಹೊಸ ರಕ್ತಕಣಗಳನ್ನು ತಯಾರಿಸುವ ಅಸ್ಥಿಮಜ್ಜೆಯೂ ನಾಶವಾಗುತ್ತದೆ. ಆಗ ಉಳಿಯುವ ದಾರಿ, ಇನ್ನೊಬ್ಬರ ಮಜ್ಜೆಯನ್ನು ರೋಗಿಯ ರಕ್ತನಾಳಕ್ಕೆ ಹರಿಸುವುದು. ಅದರ ಕಣಗಳು ರಕ್ತದೊಡನೆ ಸಾಗಿ, ಮೂಳೆಯ ಒಳಗೆ ನೆಲೆಸಿ, ಬೇರೂರುತ್ತವೆ. ಆದರೆ ದಾನಿಯ ಮತ್ತು ರೋಗಿಯ ಅಂಗಾಂಶಗಳ ಗುರುತು ಹೊಂದಿಕೆಯಾಗಬೇಕು. ಒಡಹುಟ್ಟಿದವರಲ್ಲಿ ಒಬ್ಬರದು ಹೀಗೆ ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ.

ಎಲ್ಮೋವಿಗೆ ಆ ಅದೃಷ್ಟವಿದ್ದಿತು. 1986ರಲ್ಲಿ ಸಿಯಾಟಲ್ ನಗರದಲ್ಲಿ ಸೋದರಿಯ ಮಜ್ಜೆಯನ್ನು ಅವನಿಗೆ ಕೊಡಲಾಯಿತು. ಅದೇ ವರ್ಷ ತಂದೆಮಕ್ಕಳಿಬ್ಬರೂ ಸೇರಿ ತಮ್ಮ ಅನುಭವವನ್ನು ಒಂದು ಪುಸ್ತಕವಾಗಿ ಪ್ರಕಟಿಸಿದರು. ಮಗನು ತಂದೆಯನ್ನು ದೂರಲಿಲ್ಲ. ನಾವಿಕರ ಪ್ರಾಣ ಉಳಿಸುವುದೇ ತಂದೆಯ ಉದ್ದೇಶವಾಗಿದ್ದಿತೆಂಬುದರಲ್ಲಿ ಅವನಿಗೆ ಸಂದೇಹವಿರಲಿಲ್ಲ. ತಂದೆಯಾದರೋ, ಫಲವನ್ನು ಅರಿತ ಮೇಲೂ, ಅಂದಿನ ಪರಿಸ್ಥಿತಿಯಲ್ಲಿ ಅದೇ ಆಜ್ಞೆಯನ್ನು ಕೊಡುತ್ತಿದ್ದೆನೆಂದು ಹೇಳಿದರು. ಮಗನು ಹೇಳಿದ ಇನ್ನೊಂದು ಮಾತು ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು. ತನ್ನ ರೋಗಕ್ಕೆ ಏಜೆಂಟ್ ಆರೆಂಜೇ ಕಾರಣವೆಂದು ತನಗೆ ದೃಢವಾಗಿ ತೋರುತ್ತದೆ. ಆದರೆ ದೊರೆತಿರುವ ವೈಜ್ಞಾನಿಕ ಪ್ರಮಾಣಗಳಿಂದ ಅದನ್ನು ನ್ಯಾಯಾಲಯದಲ್ಲಿ ಸಿದ್ಧಪಡಿಸುವುದು ವಕೀಲನಾದ ತನ್ನಿಂದ ಆಗದು, ಎಂದನು. 1988ರ ಆಗಸ್ಟ್ ತಿಂಗಳಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು.

ಕಾರಣವನ್ನು ಹುಡುಕುವ ಬಗೆ

ಏಕೆ ಸಿದ್ಧಪಡಿಸಲಾಗದು? ಕೆಲವು ರೋಗಗಳು ತಮ್ಮ ಕಾರಣದ ಗುರುತನ್ನು ಮೈಮೇಲೆ ಹೊತ್ತು ಬರುತ್ತವೆ. ಅಡ್ಮಿರಲ್ ಝುಮ್ವಾಲ್ಟರು 2000ದ ಜನವರಿಯಲ್ಲಿ ಮೀಸೋಥೀಲಿಯೋಮ ಎಂಬ ಕ್ಯಾನ್ಸರಿನಿಂದ ಮೃತರಾದರು. ಕಲ್ನಾರಿನ ಧೂಳನ್ನು ಉಸಿರಾಡದವರಲ್ಲಿ ಈ ರೋಗ ಬಲು ವಿರಳ. ಅವರ ಕಾಲದ ನೌಕೆಗಳಲ್ಲಾದರೋ ಕಲ್ನಾರಿನ ಬಳಕೆ ವ್ಯಾಪಕವಾಗಿದ್ದಿತು. ಇಲ್ಲಿ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಡಯಾಕ್ಸಿನ್ನಿಗೂ ಇಂತಹ ಒಂದು ಗುರುತುಂಟು: ಕ್ಲೋರಾಕ್ನೆ ಎಂಬ, ಮೊಡವೆಗಳಂತೆ ಏಳುವ ಚರ್ಮರೋಗ. ಆದರೆ ಲಿಂಫೋಮ ಹಾಗಲ್ಲ. ಯುದ್ಧವನ್ನು ಕಾಣದವರಿಗೂ ಅದು ಬರುತ್ತದೆ. ಸೂಕ್ಷ್ಮದರ್ಶಕದಡಿ ನೋಡಿದರೆ ಡಯಾಕ್ಸಿನ್ನಿನಿಂದ ಬಂದ ಲಿಂಫೋಮಕ್ಕೂ ತಾನಾಗಿ ಬಂದುದಕ್ಕೂ ಯಾವ ಭೇದವೂ ಕಾಣುವುದಿಲ್ಲ.

ಹೀಗಿರುವಾಗ ಒಬ್ಬ ರೋಗಿಯನ್ನು ಬಿಟ್ಟು ಗುಂಪುಗಳನ್ನು ಹೋಲಿಸಬೇಕು. ಒಂದು ಗುಂಪು ಆ ವಸ್ತುವಿನ ಸಂಪರ್ಕಕ್ಕೆ ಬಂದುದು, ಇನ್ನೊಂದು ಬಾರದುದು. ಮೊದಲನೆಯದರಲ್ಲಿ ರೋಗ ಹೆಚ್ಚೆ? ಹೆಚ್ಚು ಸಂಪರ್ಕವಿದ್ದವರಲ್ಲಿ ರೋಗವೂ ಹೆಚ್ಚೆ? ಇದೇ ಸಾಂಕ್ರಾಮಿಕಶಾಸ್ತ್ರದ ಕ್ರಮ. ಸೈನಿಕರ ವಿಷಯದಲ್ಲಿ ಮೊದಲ ಹೆಜ್ಜೆಯೇ ತೊಡಕಾಯಿತು. ಯಾರ ಮೈಮೇಲೆ ಎಷ್ಟು ಮದ್ದು ಬಿದ್ದಿತೆಂದು ಯಾರೂ ಅಳೆದಿರಲಿಲ್ಲ. 1980ರ ದಶಕದ ಕೊನೆಯಲ್ಲಿ ರಕ್ತಪರೀಕ್ಷೆ ನಡೆಸಿದಾಗ, ವಿಮಾನಗಳಿಂದ ಸಿಂಪಡಿಸಿದ ವಾಯುದಳದವರಲ್ಲಿ ಡಯಾಕ್ಸಿನ್ ಎದ್ದುಕಾಣುವಷ್ಟು ಹೆಚ್ಚಾಗಿದ್ದಿತು. ಆದರೆ ನೆಲದ ಮೇಲೆ ಕಾದಾಡಿದ ಸಾಮಾನ್ಯ ಸೈನಿಕರ ಸರಾಸರಿಯು ವಿಯಟ್ನಾಮಿಗೆ ಹೋಗದಿದ್ದವರ ಸರಾಸರಿಗಿಂತ ಬೇರೆಯಾಗಿರಲಿಲ್ಲ. 1990ರಲ್ಲಿ ಪ್ರಕಟವಾದ ಒಂದು ಸರಕಾರಿ ಅಧ್ಯಯನವು ವಿಯಟ್ನಾಮಿನಲ್ಲಿ ಸೇವೆ ಸಲ್ಲಿಸಿದವರಲ್ಲಿ ಹಾಜ್‌ಕಿನ್ ಅಲ್ಲದ ಲಿಂಫೋಮವು ಸುಮಾರು ಒಂದೂವರೆಪಟ್ಟು ಇರುವುದನ್ನು ತೋರಿಸಿತು. ಆದರೆ ಸಿಂಪಡಣೆ ಹೆಚ್ಚಾಗಿದ್ದ ಕಡೆ ಇದ್ದವರಲ್ಲಿಯೇ ಅದು ಹೆಚ್ಚೆಂದು ತೋರಿಸಲಿಲ್ಲ.

ಆದುದರಿಂದ ವಿಜ್ಞಾನಿಗಳು ಯುದ್ಧಭೂಮಿಯ ಹೊರಗೆ ಸಾಕ್ಷ್ಯವನ್ನು ಅರಸಬೇಕಾಯಿತು. ಸ್ವೀಡನ್ನಿನಲ್ಲಿ ಇಂತಹ ಸಸ್ಯನಾಶಕಗಳೊಡನೆ ದುಡಿದವರಲ್ಲಿ ಮೃದು ಅಂಗಾಂಶಗಳ ಕ್ಯಾನ್ಸರು ಮತ್ತು ಲಿಂಫೋಮ ಹೆಚ್ಚೆಂದು ಕಂಡುಬಂದಿದ್ದಿತು. ಅಮೆರಿಕದ ಕ್ಯಾನ್ಸಸ್ ಸಂಸ್ಥಾನದಲ್ಲಿ, ವರ್ಷಕ್ಕೆ ಇಪ್ಪತ್ತು ದಿನಕ್ಕಿಂತ ಹೆಚ್ಚು ಕಾಲ ಕಳೆನಾಶಕ ಬಳಸಿದ ಬೇಸಾಯಗಾರರಲ್ಲಿ ಲಿಂಫೋಮದ ಸಂಭವ ಆರುಪಟ್ಟೆಂದು 1986ರ ಅಧ್ಯಯನವೊಂದು ತಿಳಿಸಿತು. ಡಯಾಕ್ಸಿನ್ ಬೆರೆತ ಪದಾರ್ಥಗಳನ್ನು ತಯಾರಿಸುತ್ತಿದ್ದ ಐದು ಸಾವಿರಕ್ಕೂ ಹೆಚ್ಚು ಕಾರ್ಖಾನೆ ಕೆಲಸಗಾರರ ಅಧ್ಯಯನ 1991ರಲ್ಲಿ ಹೊರಬಂದಿತು. ಒಂದೊಂದರಲ್ಲಿಯೂ ಕೊರತೆಗಳಿದ್ದುವು, ಆದರೆ ಬೇರೆಬೇರೆ ದೇಶಗಳ, ಬೇರೆಬೇರೆ ಕಸುಬಿನ ಜನರ ಸಾಕ್ಷ್ಯವು ಒಂದೇ ದಿಕ್ಕಿಗೆ ಬೆರಳು ತೋರಿದಾಗ ಅದನ್ನು ಅಲ್ಲಗಳೆಯುವುದು ಕಷ್ಟ. 1997ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ಟಿಸಿಡಿಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುಗಳ ವರ್ಗಕ್ಕೆ ಸೇರಿಸಿತು.

ಸಂಶಯದ ಲಾಭ ಯಾರಿಗೆ?

ವಿಜ್ಞಾನಿಯು ಇನ್ನೂ ಹತ್ತು ವರ್ಷ ಕಾಯಬಲ್ಲನು, ರೋಗಿಯು ಕಾಯಲಾರನು. 1984ರಲ್ಲಿ ತಯಾರಕ ಕಂಪೆನಿಗಳು ಹೊಣೆಯನ್ನು ಒಪ್ಪಿಕೊಳ್ಳದೆಯೇ 18 ಕೋಟಿ ಡಾಲರ್ ಕೊಟ್ಟು ಯೋಧರ ದಾವೆಯನ್ನು ರಾಜಿಯಲ್ಲಿ ಮುಗಿಸಿದ್ದುವು. ಮಗನು ತೀರಿಕೊಂಡ ಬಳಿಕ ಅಡ್ಮಿರಲ್ ಝುಮ್ವಾಲ್ಟರು ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, 1990ರಲ್ಲಿ ಸರಕಾರಕ್ಕೆ ಒಂದು ವರದಿಯನ್ನೊಪ್ಪಿಸಿದರು. ಅನೇಕ ರೋಗಗಳ ವಿಷಯದಲ್ಲಿ ಸಂಬಂಧವಿರುವ ಸಂಭವವು ಇಲ್ಲದಿರುವ ಸಂಭವಕ್ಕೆ ಕಡಮೆಯಿಲ್ಲವೆಂದೂ, ಅಷ್ಟಾದರೆ ಪರಿಹಾರ ಕೊಡಬೇಕೆಂದೂ ಅವರು ವಾದಿಸಿದರು.

1991ರ ಫೆಬ್ರವರಿಯಲ್ಲಿ ಅಮೆರಿಕದ ಶಾಸನಸಭೆಯು ಈ ವಿಷಯವಾಗಿ ಒಂದು ಕಾಯಿದೆಯನ್ನು ಮಾಡಿತು. ಅದರಂತೆ ವಿಯಟ್ನಾಮಿನಲ್ಲಿ ಸೇವೆ ಸಲ್ಲಿಸಿದವನು ಮದ್ದಿನ ಸಂಪರ್ಕಕ್ಕೆ ಬಂದನೆಂದೇ ಭಾವಿಸಬೇಕು. ಅವನು ಅದನ್ನು ರುಜುವಾತುಪಡಿಸಬೇಕಾಗಿಲ್ಲ. ಯಾವ ರೋಗಗಳಿಗೆ ಸಂಬಂಧವುಂಟೆಂಬುದನ್ನು ತೂಗಿನೋಡುವ ಕೆಲಸ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪಾಲಿಗೆ ಬಂದಿತು. 1993ರಲ್ಲಿ ಬಂದ ಮೊದಲ ವರದಿಯು ರೋಗಗಳನ್ನು ಸಾಕ್ಷ್ಯದ ಬಲಕ್ಕೆ ಅನುಗುಣವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಿತು. ಸಾಕಷ್ಟು ಸಾಕ್ಷ್ಯವಿದೆಯೆಂಬ ಮೊದಲ ವರ್ಗದಲ್ಲಿ ಹಾಜ್‌ಕಿನ್ ಅಲ್ಲದ ಲಿಂಫೋಮವೂ ಇದ್ದಿತು, ಹಾಜ್‌ಕಿನ್ ರೋಗವೂ ಇದ್ದಿತು. ಎಲ್ಮೋವನ್ನು ಬಾಧಿಸಿದ ಎರಡು ರೋಗಗಳೂ ಇವೇ. ಅವನು ಸತ್ತು ಆಗ ಐದು ವರ್ಷವಾಗಿದ್ದಿತು. ಪಟ್ಟಿಯು ಅನಂತರವೂ ಬೆಳೆಯಿತು; 2022ರ ಕಾಯಿದೆಯೊಂದು ಅಧಿಕ ರಕ್ತದೊತ್ತಡವನ್ನೂ ಅದಕ್ಕೆ ಸೇರಿಸಿತು.

ಇಲ್ಲಿ ವಿದ್ಯಾರ್ಥಿಗಳು ಒಂದು ಭೇದವನ್ನು ಗಮನಿಸಬೇಕು. ಎಲ್ಮೋವಿನ ರೋಗವು ಏಜೆಂಟ್ ಆರೆಂಜಿನಿಂದಲೇ ಬಂದಿತೆಂದು ಅಕಾಡೆಮಿಯು ಹೇಳಲಿಲ್ಲ. ಹೇಳುವುದು ಸಾಧ್ಯವೂ ಇರಲಿಲ್ಲ. ಗುಂಪಿಗೆ ಸಲ್ಲುವ ಸಂಬಂಧವೊಂದನ್ನು ಅದು ಹೇಳಿತು. ಆ ಗುಂಪಿನಲ್ಲಿ ಯಾರ ರೋಗ ಮದ್ದಿನಿಂದ, ಯಾರದು ತಾನಾಗಿ ಎಂದು ಬೇರ್ಪಡಿಸಲಾಗದಿರುವಾಗ ಏನು ಮಾಡಬೇಕೆಂಬುದನ್ನು ತೀರ್ಮಾನಿಸಿದುದು ಶಾಸನ. ಎಲ್ಲರಿಗೂ ನಿರಾಕರಿಸಿದರೆ ನಿಜವಾಗಿ ನೊಂದವರಿಗೆ ಅನ್ಯಾಯ. ಎಲ್ಲರಿಗೂ ಕೊಟ್ಟರೆ ಬೇರೆ ಕಾರಣದಿಂದ ರೋಗಿಗಳಾದ ಕೆಲವರಿಗೂ ಹಣ ಸಂದೀತು. ಎರಡನೆಯದೇ ಲೇಸೆಂದು ಶಾಸನವು ಬಗೆಯಿತು.

ಈ ಔದಾರ್ಯವು ಆ ದೇಶದ ಯೋಧರಿಗೆ ಮೀಸಲಾಯಿತೆಂಬುದನ್ನೂ ಮರೆಯಬಾರದು. ಸಿಂಪಡಣೆಗೆ ಗುರಿಯಾದ ಹಳ್ಳಿಗಳಲ್ಲಿ ವಾಸವಾಗಿದ್ದ ವಿಯಟ್ನಾಮೀಯರ ಸಂಖ್ಯೆ ಕನಿಷ್ಠ 21 ಲಕ್ಷವೆಂದು 2003ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅಂದಾಜು ಮಾಡಿತು. ವಿಯಟ್ನಾಮೀಯರು ಅಮೆರಿಕದಲ್ಲಿ ಹೂಡಿದ ದಾವೆಯು 2005ರಲ್ಲಿ ವಜಾ ಆಯಿತು. ಪೀಪಾಯಿಗಳನ್ನು ಶೇಖರಿಸಿದ್ದ ವಿಮಾನನೆಲೆಗಳ ಮಣ್ಣಿನಲ್ಲಿ ಡಯಾಕ್ಸಿನ್ ದಶಕಗಳ ಕಾಲ ಉಳಿಯಿತು. ಡಾ ನಾಂಗ್ ನೆಲೆಯಲ್ಲಿ 2012ರಿಂದ 2018ರ ವರೆಗೆ ಎರಡೂ ದೇಶಗಳು ಸೇರಿ, ಆ ಮಣ್ಣನ್ನು ಅಗೆದು, ದೊಡ್ಡ ಆವರಣದಲ್ಲಿ ತುಂಬಿ, ಮುನ್ನೂರು ಡಿಗ್ರಿಗೂ ಮಿಕ್ಕಿ ಕಾಯಿಸಿ ವಿಷವನ್ನು ನಾಶಗೊಳಿಸಿದುವು. ಇನ್ನೂ ದೊಡ್ಡದಾದ ಬಿಯೆನ್ ಹೋವ ನೆಲೆಯ ಶುದ್ಧಿಕಾರ್ಯವು 2019ರಲ್ಲಿ ಆರಂಭವಾಯಿತು.

ಮಣ್ಣನ್ನು ಕಾಯಿಸಿ ಶುದ್ಧಿಮಾಡಬಹುದು. ಮನುಷ್ಯನ ಮೈಯಲ್ಲಿ ಸೇರಿದ ಡಯಾಕ್ಸಿನ್ನನ್ನು ಹಾಗೆ ಹೊರಗೆಡಹುವ ಉಪಾಯವಿಲ್ಲ. ಹೊಸ ರಾಸಾಯನಿಕವೊಂದನ್ನು ಹೊಲದಲ್ಲಾಗಲಿ ರಣರಂಗದಲ್ಲಾಗಲಿ ಚೆಲ್ಲುವ ಮೊದಲೇ ಅದರಲ್ಲಿ ಬೆರೆತಿರುವುದೇನೆಂದು ಪರೀಕ್ಷಿಸುವುದು, ಚೆಲ್ಲಿದ ಮೇಲೆ ಯಾರು ಎಷ್ಟರಮಟ್ಟಿಗೆ ಅದರ ಸಂಪರ್ಕಕ್ಕೆ ಬಂದರೆಂದು ಬರೆದಿಡುವುದು, ಈ ಎರಡು ಸಾಮಾನ್ಯ ಕೆಲಸಗಳು ಅಂದು ನಡೆದಿದ್ದರೆ ಎಷ್ಟೋ ಮಂದಿ ರೋಗಿಗಳು ತಮ್ಮ ಪ್ರಶ್ನೆಗೆ ಉತ್ತರವನ್ನು ಬದುಕಿರುವಾಗಲೇ ಪಡೆಯುತ್ತಿದ್ದರು.