ಹೊಗೆಕೊಳವೆಯ ಅಂಕಿ, ಪಾಳಿಯ ಪುಸ್ತಕ

ಕಾರ್ಯಕ್ರಮದ ನಡುವೆ ನಿಮ್ಮ ಮನೆಯ ರೇಡಿಯೋ ಇದ್ದಕ್ಕಿದ್ದಂತೆ ಮೌನವಾಯಿತೆನ್ನಿ. ನೀವು ಮೊದಲು ಗುಂಡಿಯನ್ನು ತಿರುಗಿಸಿ ನೋಡುತ್ತೀರಿ. ಆಮೇಲೆ ಮನೆಯ ದೀಪ ಉರಿಯುತ್ತಿದೆಯೇ ಎಂದು ನೋಡುತ್ತೀರಿ. ಕೊನೆಗೆ ಪಕ್ಕದ ಮನೆಯ ರೇಡಿಯೋ ಹಾಡುತ್ತಿದೆಯೇ ಎಂದು ಕಿವಿಗೊಡುತ್ತೀರಿ. ಮೌನವೇನೋ ಒಂದೇ, ಅದಕ್ಕೆ ಕಾರಣ ಹತ್ತು ಇರಬಹುದು. ಅಷ್ಟರಲ್ಲಿ "ಅಡಚಣೆಗಾಗಿ ವಿಷಾದಿಸುತ್ತೇವೆ" ಎಂದು ಉದ್ಘೋಷಕರ ಧ್ವನಿ ಬಂದರೆ ಮನಸ್ಸಿಗೆ ಸಮಾಧಾನ. ಪ್ರಸಾರ ಎಷ್ಟು ಹೊತ್ತಿಗೆ ನಿಂತಿತು, ಏಕೆ ನಿಂತಿತು, ಮತ್ತೆ ಯಾವಾಗ ಹೊರಟಿತು ಎಂಬುದನ್ನು ನಿಲಯದಲ್ಲಿ ಒಬ್ಬರು ಪುಸ್ತಕದಲ್ಲಿ ಬರೆದಿಡುತ್ತಾರೆ.

ಕಾರಖಾನೆಯ ಹೊಗೆಕೊಳವೆಗೂ ಅಂಥದೇ ಒಂದು ಪುಸ್ತಕ ಬೇಕು. ಏಕೆಂಬುದನ್ನು ನೋಡೋಣ.

ಸಿಮೆಂಟು, ಉಷ್ಣವಿದ್ಯುತ್ತು, ಸಕ್ಕರೆ, ಕಾಗದ, ರಸಗೊಬ್ಬರ ಮೊದಲಾದ ೧೭ ಬಗೆಯ ಕೈಗಾರಿಕೆಗಳು ತಾವು ಹೊರಬಿಡುವ ಹೊಗೆಯನ್ನೂ ಕೊಳಕು ನೀರನ್ನೂ ಹಗಲಿರುಳು ತಾವಾಗಿಯೇ ಅಳೆಯುವ ಯಂತ್ರಗಳನ್ನು ಹೂಡಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು ೨೦೧೪ರ ಫೆಬ್ರವರಿಯಲ್ಲಿ ನಿರ್ದೇಶನ ಕೊಟ್ಟಿತು. ಅಂದಿನಿಂದ ಕೊಳವೆಯ ಎದೆಯಲ್ಲಿ ಕುಳಿತ ಈ ಉಪಕರಣಗಳ ಅಂಕಿಗಳು ತಂತಿಯ ಮೂಲಕ ಮಂಡಲಿಯ ಕಚೇರಿಗೆ ಹೋಗುತ್ತಿವೆ. ಮೊದಲಾದರೆ ಅಧಿಕಾರಿಯೊಬ್ಬರು ವರ್ಷಕ್ಕೆ ಕೆಲವು ಸಲ ಬಂದು, ಕೊಳವೆ ಹತ್ತಿ, ಮಾದರಿ ತೆಗೆದುಕೊಂಡು ಹೋಗುತ್ತಿದ್ದರು. ಅವರು ಬರುವ ದಿನ ಹೊಗೆ ತೆಳ್ಳಗಾಗಿರುತ್ತಿತ್ತೆಂದು ಸುತ್ತಲಿನ ಜನ ನಗುತ್ತಿದ್ದುದೂ ಉಂಟು. ಹಾಗಾಗಿ ನಿದ್ರೆಯಿಲ್ಲದ ಈ ಕಾವಲುಗಾರ ಬಂದದ್ದು ಒಳ್ಳೆಯದೇ ಆಯಿತು.

ಆದರೆ ಈ ಕಾವಲುಗಾರನಿಗೆ ಕಣ್ಣಿದೆ, ತಿಳಿವಳಿಕೆಯಿಲ್ಲ. ಧೂಳನ್ನು ಅಳೆಯುವ ಯಂತ್ರವನ್ನೇ ತೆಗೆದುಕೊಳ್ಳಿ. ಅದು ಧೂಳನ್ನು ತಕ್ಕಡಿಯಲ್ಲಿ ತೂಗುವುದಿಲ್ಲ. ಸಾಮಾನ್ಯವಾಗಿ ಕೊಳವೆಯ ಒಂದು ಬದಿಯಿಂದ ಬೆಳಕನ್ನು ಹಾಯಿಸಿ, ಅದು ಎಷ್ಟು ಮಂಕಾಯಿತು, ಅಥವಾ ಎಷ್ಟು ಚದುರಿತು ಎಂಬುದನ್ನು ನೋಡಿ, ಇಷ್ಟು ಧೂಳಿರಬೇಕೆಂದು ಲೆಕ್ಕ ಹಾಕುತ್ತದೆ. ಗಾಜಿನ ಮೇಲೆ ಮಸಿ ಕುಳಿತರೂ ಬೆಳಕು ಮಂಕಾಗುತ್ತದೆ. ಯಂತ್ರಕ್ಕೆ ಎರಡೂ ಒಂದೇ.

ಆಮ್ಲಜನಕದ ಲೆಕ್ಕ ಇನ್ನೂ ಸ್ವಾರಸ್ಯವಾದದ್ದು. ಹಾಲಿಗೆ ನೀರು ಬೆರೆಸಿದಂತೆ ಹೊಗೆಗೆ ಶುದ್ಧ ಗಾಳಿಯನ್ನು ಬೆರೆಸಿದರೆ, ಒಂದು ಘನ ಮೀಟರಿನಲ್ಲಿರುವ ಧೂಳು ಕಡಿಮೆ ಕಾಣುತ್ತದೆ, ಹೊರಗೆ ಹೋಗುವ ಧೂಳೇನೂ ಕಡಿಮೆಯಾಗುವುದಿಲ್ಲ. ಈ ಕೈಚಳಕ ನಡೆಯದಿರಲೆಂದು, ಕಲ್ಲಿದ್ದಲಿನ ಬಾಯ್ಲರುಗಳಲ್ಲಿ ಹೊಗೆಯೊಳಗೆ ನೂರಕ್ಕೆ ೬ ಪಾಲು ಆಮ್ಲಜನಕವಿದ್ದಿದ್ದರೆ ಧೂಳೆಷ್ಟಿರುತ್ತಿತ್ತು ಎಂದು ತಿದ್ದಿ ಹೇಳುವ ಪದ್ಧತಿಯಿದೆ. ೨೧ರಲ್ಲಿ ೬ನ್ನು ಕಳೆದರೆ ೧೫. ಆ ೧೫ನ್ನು, ೨೧ರಲ್ಲಿ ಅಳೆದ ಆಮ್ಲಜನಕವನ್ನು ಕಳೆದಾಗ ಉಳಿಯುವ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಅಳೆದ ಧೂಳಿಗೆ ಗುಣಿಸಬೇಕು. ಧೂಳು ೪೦ ಮಿಲಿಗ್ರಾಂ, ಆಮ್ಲಜನಕ ೧೨ ಪಾಲು ಎಂದಿದ್ದರೆ ತಿದ್ದಿದ ಅಂಕಿ ಸುಮಾರು ೬೭. ನೀರು ಬೆರೆಸಿದ್ದು ಸಿಕ್ಕಿಬಿತ್ತು!

ಈಗ ಬಾಯ್ಲರನ್ನು ಆರಿಸಿದ್ದಾರೆನ್ನಿ. ಕೊಳವೆಯಲ್ಲಿ ಬರಿಯ ಗಾಳಿ, ಆಮ್ಲಜನಕ ೨೦.೫ ಪಾಲು. ಉಳಿದ ಬೂದಿ ಅಷ್ಟಿಷ್ಟು ಹಾರಿ ೨೦ ಮಿಲಿಗ್ರಾಂ ಧೂಳು ಕಾಣಿಸಿತು. ಅದೇ ಲೆಕ್ಕ ಮಾಡಿ, ೧೫ನ್ನು ಅರ್ಧದಿಂದ ಭಾಗಿಸಿದರೆ ೩೦, ಇಪ್ಪತ್ತಕ್ಕೆ ಗುಣಿಸಿದರೆ ೬೦೦. ಬೆಂಕಿಯೇ ಇಲ್ಲದ ಒಲೆ ಮಿತಿಯನ್ನು ಎಷ್ಟೋ ಪಟ್ಟು ಮೀರಿತೆಂದು ಯಂತ್ರ ಕೂಗುತ್ತದೆ. "ಬೆಳಿಗ್ಗೆ ೬-೧೦ಕ್ಕೆ ಬಾಯ್ಲರ್ ಆರಿಸಲಾಯಿತು, ಕೊಳವೆ ಸೋರಿಕೆ" ಎಂದು ಪಾಳಿಯವನು ಬರೆದ ಒಂದು ಸಾಲಿದ್ದರೆ ಈ ಗದ್ದಲಕ್ಕೆ ಅರ್ಥ ಸಿಕ್ಕುತ್ತದೆ.

ಸಿಮೆಂಟಿನ ಕಿಲ್ನಿನಲ್ಲಿ ಬೇರೊಂದು ಪ್ರಸಂಗ. ಹೊಗೆಯ ಧೂಳನ್ನು ವಿದ್ಯುತ್ತಿನ ಸೆಳೆತದಿಂದ ಹಿಡಿಯುವ ಯಂತ್ರವನ್ನು ಅಲ್ಲಿಯವರು ಇ.ಎಸ್.ಪಿ. ಎನ್ನುತ್ತಾರೆ. ಅದರೊಳಗೆ ಆಗಾಗ ಕಿಡಿ ಹಾರುವುದು ಸಹಜ. ಇಂಧನ ಸರಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹೆಚ್ಚಿದರೆ ಅದೇ ಕಿಡಿಯಿಂದ ಸ್ಫೋಟವಾಗಬಹುದು. ಆದಕಾರಣ ಆ ಅನಿಲ ಏರಿದೊಡನೆ ಇ.ಎಸ್.ಪಿ.ಯ ವಿದ್ಯುತ್ತು ತಾನಾಗಿಯೇ ಕಡಿದುಹೋಗುವಂತೆ ಮಾಡಿರುತ್ತಾರೆ. ಆ ಕೆಲವು ನಿಮಿಷ ಧೂಳೆಲ್ಲ ಹೊರಕ್ಕೆ. ಮಂಡಲಿಯ ಪರದೆಯ ಮೇಲೆ ಒಂದು ಚೂಪಾದ ಶಿಖರ ಕಾಣುತ್ತದೆ. ಇದು ಕೆಲಸಗಾರರ ಜೀವ ಉಳಿಸಿದ ಕ್ರಮವೋ, ಕರೆಂಟಿನ ಖರ್ಚು ಉಳಿಸಲು ರಾತ್ರಿ ಯಾರೋ ಗುಂಡಿ ಒತ್ತಿದ್ದೋ? ಅಂಕಿ ಹೇಳಲಾರದು. ವಾಡಿ, ಸೇಡಂ ಕಡೆಯಂಥ ಸಿಮೆಂಟಿನ ಸೀಮೆಯಲ್ಲಿ ಅಂಗಳದಲ್ಲಿ ಬಟ್ಟೆ ಒಣಹಾಕುವ ಗೃಹಿಣಿಗೆ ಈ ಎರಡರ ವ್ಯತ್ಯಾಸ ಸಣ್ಣದಲ್ಲ. ಅಂಥ ತಡೆ ವರ್ಷಕ್ಕೆ ಎರಡು ಸಲವಾದರೆ ಅಪಘಾತ, ವಾರಕ್ಕೆ ಎರಡು ಸಲವಾದರೆ ಕಿಲ್ನನ್ನು ನಡೆಸುವ ರೀತಿಯೇ ಕೆಟ್ಟಿದೆ. ಪುಸ್ತಕದ ಹಳೆಯ ಪುಟಗಳನ್ನು ತಿರುವಿದವರಿಗೆ ಮಾತ್ರ ಅದು ಗೊತ್ತಾಗುತ್ತದೆ.

ಕೈಬರಹ ಬೇಕಾಗುವ ಇನ್ನೊಂದು ಜಾಗವಿದೆ. ಬೆಳಕಿನ ಯಂತ್ರ ಹೇಳಿದ್ದು ನಿಜವೇ ಎಂದು ತಿಳಿಯಲು ಆಗಾಗ ಮನುಷ್ಯರೇ ಕೊಳವೆ ಹತ್ತಿ, ಹೊಗೆಯನ್ನು ಹೀರಿ, ಶೋಧಕದಲ್ಲಿ ಉಳಿದ ಧೂಳನ್ನು ತೂಗುತ್ತಾರೆ. ಹೊಗೆ ಏರುವ ವೇಗದಲ್ಲೇ ಅದನ್ನು ಹೀರಬೇಕು. ನಿಧಾನವಾಗಿ ಹೀರಿದರೆ ದಪ್ಪ ಕಣಗಳು ಹೆಚ್ಚಾಗಿ ಸೇರಿ ತೂಕ ಏರುತ್ತದೆ, ಜೋರಾಗಿ ಹೀರಿದರೆ ತೂಕ ಇಳಿಯುತ್ತದೆ. ಈ ತೂಕಕ್ಕೆ ಹೊಂದಿಸಿ ಯಂತ್ರವನ್ನು ತಿದ್ದುತ್ತಾರೆ. ಆ ದಿನ ಯಾವ ಕಲ್ಲಿದ್ದಲು ಉರಿಯುತ್ತಿತ್ತು, ಬಾಯ್ಲರು ಪೂರ್ಣ ಭಾರದಲ್ಲಿತ್ತೋ ಅರ್ಧ ಭಾರದಲ್ಲಿತ್ತೋ ಎಂದು ಬರೆಯದಿದ್ದರೆ ಆ ತಿದ್ದುಪಡಿ ಯಾವ ಸ್ಥಿತಿಗೆ ಸಲ್ಲುತ್ತದೆಂದು ಯಾರು ಹೇಳಬೇಕು?

ಚೀನಾ ದೇಶದಲ್ಲಿ ಊರ ಕಸವನ್ನು ಸುಟ್ಟು ವಿದ್ಯುತ್ತು ತೆಗೆಯುವ ಸ್ಥಾವರಗಳಿಗೆ ೨೦೨೦ರ ಜನವರಿ ೧ರಿಂದ ಈ ಕೈಬರಹವನ್ನೇ ನಿಯಮ ಮಾಡಿದರು. ಒಲೆ ಹೊತ್ತಿಸುತ್ತಿದ್ದೇವೆ, ಆರಿಸುತ್ತಿದ್ದೇವೆ, ಯಂತ್ರ ಕೆಟ್ಟಿದೆ, ಅಳತೆಯ ಉಪಕರಣ ದುರಸ್ತಿಯಲ್ಲಿದೆ ಎಂಬಂಥ ಗುರುತುಗಳನ್ನು ಸ್ಥಾವರದವರೇ ಆಯಾ ಹೊತ್ತಿನ ಅಂಕಿಗೆ ಹಚ್ಚಬೇಕು. ಹಾಗೆ ಹಚ್ಚಿದ ಹೊತ್ತಿಗೆ ರಿಯಾಯಿತಿಯುಂಟು. ಆದರೆ ಒಂದು ಒಲೆಗೆ ವರ್ಷಕ್ಕೆ ೬೦ ಗಂಟೆ ಮಾತ್ರ, ಆಗಲೂ ಧೂಳು ಘನ ಮೀಟರಿಗೆ ೧೫೦ ಮಿಲಿಗ್ರಾಂ ದಾಟಿರಬಾರದು. ಒಲೆ ೮೫೦ ಡಿಗ್ರಿ ಸೆಲ್ಸಿಯಸ್ಸಿಗಿಂತ ಬಿಸಿಯಾಗಿರಬೇಕೆಂಬ ನಿಯಮವಿರುವುದರಿಂದ ಅದರ ಉಷ್ಣತೆಯೂ ದಾಖಲಾಗುತ್ತಿರುತ್ತದೆ. "ಒಲೆ ಆರಿತ್ತು" ಎಂದು ಬರೆದವನ ಮಾತನ್ನು ಆ ಉಷ್ಣತೆಯ ಗೆರೆಯೇ ಪರೀಕ್ಷಿಸುತ್ತದೆ.

ಇದು ಮುಖ್ಯವಾದ ಮಾತು. ಬರೆಯುವ ಕೈ ಸುಳ್ಳನ್ನೂ ಬರೆಯಬಲ್ಲದು. ಮಿತಿ ಮೀರಿದಾಗಲೆಲ್ಲ "ಉಪಕರಣ ದುರಸ್ತಿ" ಎಂದು ಗೀಚಿದರೆ ಕಾವಲುಗಾರನ ಬಾಯಿ ಕಟ್ಟಿದಂತೆಯೇ. ಅಮೆರಿಕದವರು ೧೯೯೦ರ ಶುದ್ಧ ವಾಯು ಕಾಯಿದೆಯ ತಿದ್ದುಪಡಿಯಿಂದ ಬಂದ ಆಮ್ಲಮಳೆ ಯೋಜನೆಯಲ್ಲಿ ಇದಕ್ಕೊಂದು ಉಪಾಯ ಹೂಡಿದರು. ಅಳತೆ ತಪ್ಪಿದ ಗಂಟೆಗಳನ್ನು ಖಾಲಿ ಬಿಡುವುದಿಲ್ಲ. ಅಲ್ಲಿ ದೊಡ್ಡ ಅಂಕಿಯನ್ನೇ ತುಂಬುತ್ತಾರೆ, ಅಂತರ ಉದ್ದವಾದಷ್ಟೂ ಅಂಕಿಯೂ ದೊಡ್ಡದಾಗುತ್ತದೆ. ಯಂತ್ರವನ್ನು ಬೇಗ ರಿಪೇರಿ ಮಾಡಿಸುವುದೇ ಲಾಭವೆಂದು ಮಾಲೀಕರಿಗೆ ಮನವರಿಕೆಯಾಗುತ್ತದೆ. ನನಗೆ ತೋರುವ ಮಟ್ಟಿಗೆ ನಮಗೆ ಬೇಕಾದದ್ದು ಇಷ್ಟು: ಯಂತ್ರ ಕೊಟ್ಟ ಅಂಕಿಯನ್ನು ಯಾರೂ ಅಳಿಸಬಾರದು, ಟಿಪ್ಪಣಿ ಅದರ ಪಕ್ಕದಲ್ಲಿ ನಿಲ್ಲಬೇಕು. ಘಟನೆ ನಡೆದ ಪಾಳಿಯಲ್ಲೇ, ಗಂಟೆ ನಿಮಿಷ ಹಾಕಿ, ರುಜು ಮಾಡಿ ಬರೆದದ್ದಾಗಿರಬೇಕು. ತಿಂಗಳ ಕೊನೆಯಲ್ಲಿ ಒಂದೇ ಶಾಯಿಯಲ್ಲಿ ಕೂತು ತುಂಬಿಸಿದ ಪುಸ್ತಕವನ್ನು ಅನುಭವಿಗಳು ನೋಡಿದೊಡನೆ ಗುರುತಿಸುತ್ತಾರೆ.

ಇದರಲ್ಲಿ ನಿಮಗೂ ಒಂದು ಪಾತ್ರವಿದೆ. ಕೈಗಾರಿಕೆಗಳ ಈ ಅಂಕಿಗಳನ್ನು ರಾಜ್ಯ ಮಂಡಲಿಗಳು ಸಾರ್ವಜನಿಕರಿಗೆ ಕಾಣುವಂತೆ ಇಡಬೇಕೆಂದು ೨೦೧೭ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಿಮ್ಮ ಊರಿನ ಪಕ್ಕದಲ್ಲಿ ಅಂಥ ಕೊಳವೆಯಿದ್ದರೆ, "ಇಲ್ಲಿ ಯಾವಾಗಲೂ ಧೂಳು" ಎಂದು ದೂರಬೇಡಿ. ತುಳಸಿಕಟ್ಟೆಯ ಮೇಲೆ ಬೂದಿ ಬಿದ್ದದ್ದು ಯಾವ ತಾರೀಖು, ಎಷ್ಟು ಗಂಟೆಗೆ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ಮನೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟು, ಅದನ್ನು ದೂರಿನಲ್ಲಿ ಸೇರಿಸಿ. ಆ ಗಂಟೆಯ ಅಂಕಿಯನ್ನೂ ಪಾಳಿಯ ಪುಸ್ತಕದ ಆ ಸಾಲನ್ನೂ ಎದುರಿಗಿಟ್ಟು ನೋಡುವುದು ಅಧಿಕಾರಿಗೆ ಆಗ ಸಾಧ್ಯವಾಗುತ್ತದೆ.